ಐವತ್ತೆಂಟು ಕಾಲು

ನಮ್ಮ ಪಕ್ಷಿ ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಹುಳದಕ್ಕ ಅಂತ. ಹಿಂದಿನ ಸಾಲಿನ ಕೊನೆಯ ಕೋಣೆ ನನ್ನದು. ಅಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಮಿಡತೆ ಸಾಕುತ್ತೇನೆ, ಗಾಯಗೊಂಡು ಬಂದ ಹಕ್ಕಿಗಳ ಊಟಕ್ಕೆ. ಹನ್ನೊಂದು ವರ್ಷದಲ್ಲಿ ನನ್ನ ತಪ್ಪಿನಿಂದ ಒಂದು ಹಕ್ಕಿಯೂ ಉಪವಾಸ ಬಿದ್ದಿಲ್ಲ. ಈ ಮಾತನ್ನು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ಹಕ್ಕಿಗಳಿಗೆ ತಿನ್ನಿಸುವುದು ಭಾವನ ಕೆಲಸ. ನನ್ನ ಅಕ್ಕನ ಗಂಡ. ನಾನು ಕರೆಯುವುದನ್ನು ಕೇಳಿ ಕೇಳಿ ಡಾಕ್ಟರಮ್ಮನೂ ಗೇಟಿನವನೂ ಹಾಗೇ ಕರೆಯತೊಡಗಿ, ಈಗ ಅವರು ಇಡೀ ಆಸ್ಪತ್ರೆಗೆ ಭಾವ. ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಅವರ ಮಧ್ಯಾಹ್ನದ ಡಬ್ಬಿ ನಮ್ಮ ಮನೆಯದು. ಬೆಳಗಿನ ಗಡಿಬಿಡಿಯಲ್ಲಿ ಎರಡು ತುಂಡು ಬ್ರೆಡ್ಡಿಗೆ ಜಾಮ್ ಸವರಿ ಹಾಕುತ್ತಿದ್ದೆ. ಸಂಜೆ ಅವರು ಡಬ್ಬಿಯನ್ನು ತೊಳೆದು, ಒರೆಸಿ ವಾಪಸ್ ಕೊಡುತ್ತಿದ್ದರು.

ಆ ಪುಟ್ಟ ಗೂಬೆ ಬಂದದ್ದು ಕಾರಿಗೆ ಬಡಿದು, ರೆಕ್ಕೆ ಮುರಿದುಕೊಂಡು. ಮೂಳೆ ಕೂಡಿಕೊಂಡಿತು. ಆದರೆ ತೂಕ ಮಾತ್ರ ದಿನಾ ಇಳಿಯಿತು. ನೂರ ಎಪ್ಪತ್ತು ಗ್ರಾಂ ಇದ್ದದ್ದು ಎರಡು ವಾರದಲ್ಲಿ ನೂರ ಮೂವತ್ತನಾಲ್ಕಕ್ಕೆ ಬಂತು. ಮಂಗಳವಾರ ಡಾಕ್ಟರಮ್ಮ ತಕ್ಕಡಿಯ ಮುಂದೆ ನಿಂತು ಕಡ್ಡಿ ಮುರಿದ ಹಾಗೆ ಹೇಳಿದರು.

“ಶನಿವಾರ ನೂರ ಮೂವತ್ತಕ್ಕಿಂತ ಕೆಳಗಿದ್ರೆ ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡ್ತೀನಿ. ಸುಮ್ಮನೆ ನರಳಿಸೋದು ಬೇಡ. ಅಕ್ಕ, ಊಟ ಸರಿಯಾಗಿ ಹೋಗ್ತಿದೆಯಾ?”

“ದಿನಾ ಮೂವತ್ತು ಮಿಡತೆ ಎಣಿಸಿ ಕೊಡ್ತೀನಿ,” ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು. “ಅದರಲ್ಲಿ ಹಕ್ಕಿ ಹೊಟ್ಟೆಗೆ ಎಷ್ಟು ಹೋಗುತ್ತೆ, ನೆಲಕ್ಕೆಷ್ಟು ಬೀಳುತ್ತೆ ಅಂತ ಭಾವನನ್ನೇ ಕೇಳಿ. ಈ ವಯಸ್ಸಲ್ಲಿ ಇಕ್ಕಳ ಹಿಡಿದ ಕೈ ನಡುಗುತ್ತೆ.”

ಗೂಬೆಯ ವಿಷಯದಲ್ಲಿ ಅವರ ತಲೆ ಮೇಲೆ ಗೂಬೆ ಕೂರಿಸಿದೆ. ಭಾವ ಇಕ್ಕಳ ಒರೆಸಿ ಜೇಬಿಗಿಟ್ಟುಕೊಂಡು ಹೊರಗೆ ಹೋದರು. ಆವತ್ತು ಡಬ್ಬಿಯನ್ನು ಕೈಗೆ ಕೊಡದೆ ನನ್ನ ಬಾಗಿಲ ಬಳಿ ಇಟ್ಟು ಹೋಗಿದ್ದರು.

ಬುಧವಾರ ಮಧ್ಯಾಹ್ನ ಭಾವ ಒಂದು ಹಳೇ ಪೇಪರನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೋಣೆಗೆ ಬಂದರು. ಗೂಬೆಗೆ ಒಂದು ಅಭ್ಯಾಸ: ಅರಗದ ರೆಕ್ಕೆ, ಕಾಲುಗಳನ್ನು ಉಂಡೆ ಮಾಡಿ ಬಾಯಿಂದ ಉಗುಳುತ್ತದೆ. ಭಾವ ಹಿಂದಿನ ಸಂಜೆಯ ಊಟದ ಉಂಡೆಗಳನ್ನು ನೀರಲ್ಲಿ ನೆನೆಸಿ, ಸೂಜಿಯಲ್ಲಿ ಬಿಡಿಸಿ, ಮಿಡತೆಯ ನೆಗೆಯುವ ಕಾಲುಗಳನ್ನೆಲ್ಲ ಹತ್ತು ಹತ್ತರ ಸಾಲಿನಲ್ಲಿ ಜೋಡಿಸಿದ್ದರು. ಒಂದು ಮಿಡತೆಗೆ ಅಂಥವು ಎರಡೇ.

“ಐವತ್ತೆಂಟಿದೆ ನೋಡಮ್ಮ,” ಅಂದರು. “ಇನ್ನೆರಡು ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ.”

ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಆ ಎರಡು ಕಾಲಿಗಾಗಿ ಅವರಿಗೆ ನಿಜಕ್ಕೂ ಸಂಕೋಚವಾಗಿತ್ತು. ಕೂದಲೆಳೆಯಂಥ ಕಾಲುಗಳನ್ನು ಸಾಲಾಗಿಟ್ಟ ಕೈ ನಡುಗುವುದಿಲ್ಲ ಅಂತ ನನಗೆ ಆಗಲೇ ತಿಳಿಯಿತು. ನಾಚಿಕೆಯಿಂದ ನೆಲ ನೋಡಿದೆ.

ಹಾಗಾದರೆ ಮೂವತ್ತರಲ್ಲಿ ಇಪ್ಪತ್ತೊಂಬತ್ತಂತೂ ಹೊಟ್ಟೆಗೆ ಹೋಗಿವೆ. ಆದರೂ ಹಕ್ಕಿ ಬಡವಾಗುತ್ತಿದೆ. ಸಂಜೆಗೆಂದು ತೆಗೆದಿಟ್ಟ ಡಬ್ಬದಿಂದ ಒಂದು ಮಿಡತೆಯನ್ನು ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದೆ. ಹೊಟ್ಟೆಯ ಈಚೆಯಿಂದ ಆಚೆಗೆ ಬೆಳಕು ಹಾಯುತ್ತಿತ್ತು. ದೊಡ್ಡ ಪೆಟ್ಟಿಗೆಯಿಂದ, ಸೊಪ್ಪು ಮೇಯುತ್ತಿದ್ದ ಇನ್ನೊಂದನ್ನು ಎತ್ತಿದೆ. ಅದರ ಹೊಟ್ಟೆ ಕಪ್ಪು ಹಸಿರು, ಬೆರಳಿಗೆ ಭಾರ.

ಗೂಬೆ ಬಂದ ಹೊಸತರಲ್ಲಿ ಮೇಲಿನ ಸಾಹೇಬರು ಬಂದು ನನ್ನ ಕೋಣೆ ವಾಸನೆ ಅಂದಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆ ಸಿಟ್ಟಿಗೆ ಅಂದಿನಿಂದ, ಗೂಬೆಗೆ ಕೊಡಬೇಕಾದ ಮಿಡತೆಗಳನ್ನು ಎರಡು ದಿನ ಮುಂಚೆಯೇ ಬೇರೆ ಡಬ್ಬಕ್ಕೆ ಹಾಕಿಡುತ್ತಿದ್ದೆ. ಸೊಪ್ಪಿಲ್ಲ, ಹಿಕ್ಕೆಯಿಲ್ಲ, ಕೆಳಗೆ ಬಿಳೀ ಕಾಗದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

ಕೆಲಸಕ್ಕೆ ಸೇರಿದ ದಿನವೇ ನನಗೆ ಹೇಳಿಕೊಟ್ಟಿದ್ದರು. ಎಲೆ ತಿನ್ನುವುದು ಬಿಸಿಲನ್ನು, ಮಿಡತೆ ತಿನ್ನುವುದು ಎಲೆಯನ್ನು. ತಿಂದ ಹತ್ತು ಪಾಲಿನಲ್ಲಿ ಸುಮಾರು ಒಂಬತ್ತನ್ನು ಅದು ಹಾರಿ, ಕುಣಿದು, ಉಸಿರಾಡಿಯೇ ಮುಗಿಸುತ್ತದೆ. ಉಳಿದ ಒಂದು ಪಾಲು ಹಕ್ಕಿಗೆ. ದಾರಿಯುದ್ದಕ್ಕೂ ಸೋರಿ ಸೋರಿ ಬರುವ ಆ ಒಂದು ಪಾಲನ್ನೂ ನಾನು ಚೊಕ್ಕಟದ ಹೆಸರಲ್ಲಿ ಒರೆಸಿ ಹಾಕಿದ್ದೆ. ಗೂಬೆ ಎರಡು ವಾರ ತಿಂದದ್ದು ಬರೀ ಕಾಲು, ರೆಕ್ಕೆ, ಸಿಪ್ಪೆ.

ಭಾವನನ್ನು ಕರೆದುಕೊಂಡು ನೇರ ಡಾಕ್ಟರಮ್ಮನ ಕೋಣೆಗೆ ಹೋದೆ. ಅವರ ಮುಂದೆ ಅಂದ ಮಾತನ್ನು ಅವರ ಮುಂದೆಯೇ ತೆಗೆಯಬೇಕಲ್ಲ.

“ತಪ್ಪು ನಂದು,” ಅಂದೆ. “ಹಸಿದ ಹುಳ ಕಳಿಸ್ತಿದ್ದೆ. ಭಾವಂದು ಏನೂ ಇಲ್ಲ.”

“ಅಯ್ಯೋ, ಹೋಗ್ಲಿ ಬಿಡಮ್ಮ,” ಅಂದರು ಭಾವ. “ಎರಡು ಕಾಲು ಸಿಗದೇ ಇದ್ದಿದ್ದಂತೂ ನಿಜ.”

ಆವತ್ತಿನಿಂದ ಮಿಡತೆಗಳನ್ನು ಮೇಯುತ್ತಿರುವಾಗಲೇ ಹಿಡಿದು ಕಳಿಸಿದೆ. ಗುರುವಾರ ನೂರ ಮೂವತ್ತೊಂದು. ಶುಕ್ರವಾರ ನೂರ ಇಪ್ಪತ್ತೊಂಬತ್ತು. ತಡವಾಯಿತೇನೋ, ನಾನೇ ಕೊಂದೆನೇನೋ ಅಂತ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಹುಳದಕ್ಕ ಅಳುವುದನ್ನು ಮಿಡತೆಗಳು ಬಿಟ್ಟರೆ ಯಾರೂ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಭಾವ ಗೂಬೆಯನ್ನು ಬಟ್ಟೆಯಲ್ಲಿ ಸುತ್ತಿ ತಕ್ಕಡಿಯ ಮೇಲಿಟ್ಟರು. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದರು. ನೂರ ಮೂವತ್ತಮೂರು.

“ಏರ್ತಿದೆ,” ಅಂದರು. “ಇಂಜೆಕ್ಷನ್ ಬೇಡ. ಹೀಗೇ ತಿನ್ನಿಸಿ.”

ಹಕ್ಕಿಯನ್ನು ಎತ್ತಿಕೊಳ್ಳಲು ಭಾವ ಕಿಟಕಿಯ ಕಡೆ ತಿರುಗಿದರು. ಮೂರು ದಿನದಿಂದ ಬೆಳಕಿಗೆ ಹಿಡಿದು ಹೊಟ್ಟೆ ನೋಡುವುದೇ ನನ್ನ ಕೆಲಸವಾಗಿತ್ತಲ್ಲ, ಕಣ್ಣು ಭಾವನ ಹೊಟ್ಟೆಗೇ ಹೋಯಿತು. ಅವರ ಬೆಲ್ಟಿಗೆ ಮೊಳೆಯಿಂದ ಹೊಡೆದ ಮೂರು ಹೊಸ ತೂತುಗಳಿದ್ದವು. ಕೊನೆಯ ತೂತಿಗೆ ಹಾಕಿದ್ದರೂ ಪ್ಯಾಂಟು ಜೋತಾಡುತ್ತಿತ್ತು. ಎರಡು ವರ್ಷ ಬ್ರೆಡ್ಡು ಜಾಮಿನ ಡಬ್ಬಿ ಕೊಟ್ಟೆ, ಖಾಲಿ ಬಂತು, ಲೆಕ್ಕ ಸರಿಯಾಯಿತು ಅಂದುಕೊಂಡಿದ್ದೆ.

ಅರ್ಧ ಗಂಟೆ ರಜೆ ಕೇಳಿ ಮನೆಗೆ ಓಡಿದ್ದು ಒಂದೂವರೆ ಗಂಟೆಯಾಯಿತು. ಮಧ್ಯಾಹ್ನ ನನ್ನ ಕೋಣೆಯ ಮೇಜಿನ ಮೇಲೆ ಅನ್ನ, ಸೊಪ್ಪಿನ ಪಲ್ಯ, ನಾಲ್ಕು ಬೇಯಿಸಿದ ಮೊಟ್ಟೆ ಇಟ್ಟೆ. ಭಾವ ಡಬ್ಬಿಯನ್ನೂ ನನ್ನನ್ನೂ ನೋಡಿದರು.

“ತಿಂದಿದ್ದಕ್ಕೆ ಕಾಲು ಎಣಿಸಿ ತೋರಿಸ್ಬೇಕಾ?”

“ಬೇಡ. ನನ್ನೆದುರಿಗೇ ಕೂತು ತಿನ್ನಿ.”

ನಿಧಾನವಾಗಿ ತಿಂದರು. ಮೂರನೇ ತುತ್ತಿಗೆ ಕೈ ನಿಂತಿತು.

“ನಿಮ್ಮಕ್ಕನೂ ಹಿಂಗೇ ಎದುರಿಗೆ ಕೂತ್ಕೊಳ್ತಿದ್ಳು,” ಅಂದರು.

ನಾನು ಇನ್ನೊಂದು ಮೊಟ್ಟೆ ಬಿಡಿಸಿ ಅವರ ತಟ್ಟೆಗೆ ಹಾಕಿದೆ.