ಗೋಡೆಯೊಳಗಿನ ಚನ್ನೇಶ

ನಮ್ಮ ಪ್ರವಾಸಿ ಹಡಗು ಬೆಳಿಗ್ಗೆ ಸ್ಪೇನಿನ ಕಾರ್ತಹೇನ ಬಂದರಿನಲ್ಲಿ ನಿಂತಿತು. ಸಂಜೆಯೊಳಗೆ ವಾಪಸ್ ಬರಬೇಕೆಂದು ಮೈಕಿನಲ್ಲಿ ಹೇಳಿದ್ದೇ ಹೇಳಿದ್ದು. ಮಿಕ್ಕವರು ಟೋಪಿ ಹಾಕಿಕೊಂಡು ಕೋಟೆ ನೋಡಲು ಇಳಿದರು. ನಾನು ಮತ್ತು ನಮ್ಮಪ್ಪ ಏಕಾಂತಯ್ಯ ಸ್ಮಶಾನ ಹುಡುಕಿಕೊಂಡು ಇಳಿದೆವು.

ನನ್ನ ತಮ್ಮ ಚನ್ನೇಶ ಇಂಥದೇ ಒಂದು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ. ಕೊರೊನಾ ಕಾಲದಲ್ಲಿ ಜ್ವರ ಬಂದು ಸತ್ತ. ವಿಮಾನಗಳೆಲ್ಲ ನಿಂತಿದ್ದವು. ಕಾರ್ತಹೇನದಲ್ಲೇ ಮಣ್ಣು ಮಾಡಿದ್ದೇವೆ ಎಂದು ನಮ್ಮೂರು ಗುಬ್ಬಿಗೆ ಫೋನ್ ಬಂತು, ಅಷ್ಟೇ. ಮಾಂಸ ಬೇಯಿಸಬೇಕಲ್ಲ ಎಂದು ಅವನು ಹೋಗುವಾಗಲೇ ಕೊರಳಿನ ಲಿಂಗ ಬಿಚ್ಚಿ ಅಪ್ಪನಿಗೆ ಕೊಟ್ಟಿದ್ದ. "ಬಂದ್ಮೇಲೆ ಕಟ್ಕೊತೀನಿ ಬುಡಪ್ಪ" ಅಂದಿದ್ದ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಅವರ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಚನ್ನೇಶ ಬರಿಗೈಯಲ್ಲಿ ಹೋದ. ಅದನ್ನು ಅವನಿಗೆ ತಲುಪಿಸಬೇಕೆಂಬುದೊಂದೇ ಅಪ್ಪನ ಹಠ.

ನಾನು ದುಡಿಯುವ ಬಿದರೆಹಳ್ಳ ಕಾವಲ್ ಫ್ಯಾಕ್ಟರಿಯಲ್ಲಿ ಗೋಗರೆದು ರಜೆ ಹಾಕಿ ಅಪ್ಪನನ್ನು ಕರೆತಂದವಳು ನಾನು. ನನಗೂ ಆ ಲಿಂಗ ಮುಟ್ಟಗೊಡಲಿಲ್ಲ, ಈ ಮಹಾಶಯ. ತಪಾಸಣೆಯವರಿಗೂ ತಾನೇ ಬಿಚ್ಚಿ ತೋರಿಸಿದ. ಗುದ್ದಲಿ ಗಿದ್ದಲಿ ತಂದರೆ ಹಡಗು ಹತ್ತಿಸಲ್ಲ ಎಂದು ಬೈದಿದ್ದಕ್ಕೆ, ಗೋರಿಯ ಮೇಲೆ ತೋಡಲು ಮನೆಯ ಸ್ಟೀಲ್ ಚಮಚ ಜೇಬಿಗಿಟ್ಟುಕೊಂಡು ಬಂದಿದ್ದ.

ಸ್ಮಶಾನ ನೋಡಿಕೊಳ್ಳುವ ಹೆಂಗಸು ನನ್ನ ಮೊಬೈಲಿನಲ್ಲಿ ತಮ್ಮನ ಹೆಸರು ನೋಡಿ, ನಮ್ಮನ್ನು ಒಂದು ಎತ್ತರದ ಗೋಡೆಯ ಮುಂದೆ ನಿಲ್ಲಿಸಿದಳು. ಗೋಡೆ ತುಂಬ ಚೌಕ ಚೌಕ ಗೂಡುಗಳು, ಎಲ್ಲಕ್ಕೂ ಸಿಮೆಂಟ್ ಮುಚ್ಚಿತ್ತು. ಮೇಲಿನ ಸಾಲಿನಲ್ಲಿ ತಮ್ಮನ ಹೆಸರಿತ್ತು.

"ಮಣ್ಣೆಲ್ಲೇ?" ಅಂದ ಅಪ್ಪ.

"ಇಲ್ಲಿ ಗೋಡೆ ಒಳಗೇ ಮಲಗಿಸ್ತಾರಂತೆ ಕಣಪ್ಪ."

"ಅಟ್ಟಕ್ಕೆ ಸಾಮಾನು ಹಾಕ್ದಂಗೆ ಹಾಕವ್ರಾ ನನ್ ಮಗನ್ನ?"

ಅಲ್ಲೇ ಕುಸಿದು ಕೂತ. ಅಯ್ಯೋ, ಯಾಕಾದರೂ ಕರೆತಂದೆನೋ ಅನ್ನಿಸಿತು.

ಆ ಹೆಂಗಸು ತನ್ನ ಮೊಬೈಲಿಗೆ ಏನೋ ಹೇಳಿದಳು. ಅದು ಇಂಗ್ಲಿಷಿನಲ್ಲಿ ಉಸುರಿತು. ಗೂಡಿನ ಬಾಡಿಗೆ ಅವಧಿ ಮುಗಿದಿದೆ. ಮುಂದಿನ ತಿಂಗಳು ಒಡೆದು, ಮೂಳೆಗಳನ್ನು ಎಲ್ಲರ ಜೊತೆ ಒಂದೇ ಗುಂಡಿಗೆ ಹಾಕುತ್ತಾರೆ. ಕ್ಷಮಿಸಿ ಎಂದು ತಲೆ ತಗ್ಗಿಸಿದಳು. ನನಗೆ ಮೈ ಉರಿದುಹೋಯಿತು. ಯಾರ್ಯಾರದೋ ಮೂಳೆಗಳ ಜೊತೆ ನನ್ನ ತಮ್ಮನೇ!

"ಏನಂತೆ? ಹೇಳೇ ಅಕ್ಷತಾ."

ಹೇಳಿದೆ. ಅಪ್ಪ ತಟ್ಟನೆ ಎದ್ದು ನಿಂತ.

"ಗುಂಡಿ ಅಂದ್ರೆ ಮಣ್ಣೇನಾ? ಕೇಳು."

ಕೇಳಿದೆ. ಅವಳು ಆ ಗುಂಡಿಯಿದ್ದ ಮೂಲೆಗೆ ಕರೆದುಕೊಂಡು ಹೋಗಿ, ಬಗ್ಗಿ ಒಂದು ಹಿಡಿ ಎತ್ತಿ ತೋರಿಸಿದಳು. ಕೆಂಪು ಮಣ್ಣು. ಅಪ್ಪ ಅದನ್ನು ಬೆರಳಲ್ಲಿ ಹೊಸಕಿ ನೋಡಿದ.

"ಸರಿಹೋಯ್ತು ಬುಡು. ಮಣ್ಣಿಗೆ ಬತ್ತಾನೆ."

ಅಂಗಿಯೊಳಗಿಂದ ಲಿಂಗ ತೆಗೆದ. ಅಲ್ಲೇ ಹೂಳುತ್ತಾನೆ ಅಂದುಕೊಂಡೆ.

"ಅವ್ನನ್ನ ತೆಗೆಯೋಗಂಟ ಈಯಮ್ಮನ ತಾವ ಇರ್ಲಿ. ಎಡಗೈ ಮೂಳೆ ಜೊತೆ ಇಡು ಅನ್ನು."

"ಅಪ್ಪಾ, ಬೇರೆಯವ್ರ ಕೈಗಾ?"

"ಅವ್ನಿಗೆ ಈ ಊರಲ್ಲಿ ಇನ್ಯಾರವ್ರೆ?"

ಮೊಬೈಲಿಗೆ ಅದನ್ನೇ ಹೇಳಿದೆ. ಆ ಹೆಂಗಸು ಕೇಳಿಸಿಕೊಂಡು, ಕೈಯನ್ನು ಲಂಗಕ್ಕೆ ಚೆನ್ನಾಗಿ ಒರೆಸಿ ಬಲಗೈ ಚಾಚಿದಳು. ಅಪ್ಪ ಅದಲ್ಲ ಎಂದು ತಲೆಯಾಡಿಸಿ ಅವಳ ಎಡಗೈ ಹಿಡಿದ. ಅಂಗೈಗೆ ವಿಭೂತಿ ಹಚ್ಚಿ, ಲಿಂಗವಿಟ್ಟು, ಬೆರಳು ಒಂದೊಂದಾಗಿ ಮಡಿಚಿದ. ಆಮೇಲೆ ಆ ಮುಷ್ಟಿಗೆ ಹಣೆ ಒತ್ತಿ, "ಹೋಗ್ಬಾ ಮಗಾ" ಎಂದು ಗೊಳೋ ಅತ್ತ.