ನನ್ನ ತಿಥಿಯ ಗೋಧಿ

ನಾನು ಸತ್ತಿದ್ದೇನೆ ಎಂಬ ಸುದ್ದಿ ನನಗೆ ತಿಳಿದದ್ದು ಟೊಮೆಟೊ ಗಿಡಗಳಿಗೆ ನೀರು ಬಿಡುತ್ತಿದ್ದಾಗ. ಜನವರಿಯ ಒಂದು ಮಂಗಳವಾರ. ಬೆಳಗ್ಗೆ ಎಂಟಕ್ಕೇ ಅಡಿಲೇಡಿನ ಬಿಸಿಲು ಕಾದ ಹೆಂಚಾಗಿತ್ತು. ಚರ್ಚಿನಲ್ಲಿ ನನ್ನ ಪಕ್ಕ ಕೂರುವ ವರ್ವಾರಾ ಬೇಸಿಗೆ ಕಳೆಯಲು ಮಗನ ಊರಿಗೆ ಹೋಗಿದ್ದವಳು ಹಿಂದಿನ ದಿನವಷ್ಟೇ ಮರಳಿದ್ದಳು. ಕಪ್ಪು ಬಟ್ಟೆ ಉಟ್ಟು, ಕೈಯಲ್ಲಿ ಮುಚ್ಚಿದ ತಟ್ಟೆ ಹಿಡಿದು ನಮ್ಮ ಗೇಟು ತೆರೆದಳು. ನನ್ನನ್ನು ಕಂಡವಳೇ ಶಿಲುಬೆಯ ಗುರುತು ಹಾಕಿಕೊಂಡು ಅಲ್ಲೇ ನಿಂತಳು.

"ಸ್ಟಮಾತಿಯಾ, ನೀನು ಇದ್ದೀಯಾ?"

"ಇರದೆ ಎಲ್ಲಿಗೆ ಹೋಗ್ಲಿ? ಗಿಡಕ್ಕೆ ನೀರು ನಿಮ್ಮಪ್ಪ ಬಂದು ಬಿಡ್ತಾನಾ?"

ಆಮೇಲೆ ಅವಳನ್ನು ನೆರಳಲ್ಲಿ ಕೂರಿಸಿ ವಿಷಯ ಬಿಡಿಸಿಕೊಂಡೆ. ಅವಳ ಮೊಮ್ಮಗ ಮುಂದಿನ ವರ್ಷದ ಮೆಡಿಕಲ್ ಪ್ರವೇಶಕ್ಕೆ ಕೋಚಿಂಗಿಗೆ ಸೇರಿದ್ದಾನೆ. ಅಲ್ಲಿನ ಮಾಸ್ಟರು ಮೊದಲ ದಿನವೇ ಮಕ್ಕಳಿಗೆ ಒಂದು ಮಾದರಿ ಉತ್ತರ ಓದಿ ಹೇಳಿದನಂತೆ. ಮತೂಲಾ ಎಂಬ ಹುಡುಗಿ ಆಸ್ಪತ್ರೆಯಲ್ಲಿ ಸಾಯುತ್ತಿದ್ದ ತನ್ನ ಅಜ್ಜಿಯ ಕೈ ಹಿಡಿದು, ಡಾಕ್ಟರರ ಮಾತನ್ನು ಒಂದಕ್ಷರ ಬಿಡದೆ ಗ್ರೀಕಿಗೆ ತಿರುಗಿಸಿ ಹೇಳಿ, ಅಜ್ಜಿಯನ್ನು ಸಮಾಧಾನದಿಂದ ಕಳಿಸಿಕೊಟ್ಟಳಂತೆ. ಅದನ್ನು ಸಂದರ್ಶನದಲ್ಲಿ ಹೇಳಿದ್ದಕ್ಕೇ ಸೀಟು ಸಿಕ್ಕಿತಂತೆ. ಹುಡುಗ ಮನೆಗೆ ಬಂದು, ಮತೂಲಾಳ ಅಜ್ಜಿ ತೀರಿಕೊಂಡರಂತೆ ಎಂದ. ವರ್ವಾರಾ ಒಲೆ ಹಚ್ಚಿದಳು.

ತಟ್ಟೆಯಲ್ಲಿದ್ದದ್ದು ಸಾವಿನ ಮನೆಯಲ್ಲಿ ಕಾಫಿ ಜೊತೆ ಕೊಡುವ ಗಟ್ಟಿ ರಸ್ಕು. ಇಬ್ಬರೂ ಕೂತು ಕಾಫಿಗೆ ಅದ್ದಿ ತಿಂದೆವು. ಚೆನ್ನಾಗಿತ್ತು. ನನಗಾಗಿಯೇ ಮಾಡಿದ್ದಲ್ಲವೇ, ಬಿಡುವುದೇಕೆ.

ಮತೂಲಾ ನನ್ನ ಮೊಮ್ಮಗಳು, ನನ್ನ ಮಗ ಲೆಫ್ತೇರಿಸನ ಒಬ್ಬಳೇ ಮಗಳು. ನಮ್ಮ ಗ್ರೀಕರಲ್ಲಿ ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರಿಡುತ್ತಾರೆ. ಹಾಗಾಗಿ ಅವಳೂ ಸ್ಟಮಾತಿಯಾ, ಮನೆಯಲ್ಲಿ ಮತೂಲಾ. ನನ್ನ ಹೆಸರಿನ ಜೊತೆಗೆ ನನ್ನ ಮೂಗೂ ನನ್ನ ಹಟವೂ ಬಂದಿವೆ. ಹುಟ್ಟುಗುಣ ಸುಟ್ಟರೂ ಹೋಗದು.

ಹಿಂದಿನ ಶುಕ್ರವಾರವಷ್ಟೇ ಅವಳಿಗೆ ಸೀಟು ಬಂದಿತ್ತು. ಶಾಲೆ ಮುಗಿಸಿದ ಮಕ್ಕಳನ್ನು ನೇರವಾಗಿ ತೆಗೆದುಕೊಳ್ಳುವ ಆರು ವರ್ಷದ ಮೆಡಿಕಲ್. ಲೆಫ್ತೇರಿಸ್ ಶನಿವಾರವೇ ಹಿತ್ತಲಲ್ಲಿ ಇಡೀ ಕುರಿ ಸುಟ್ಟು ಬೀದಿಗೆಲ್ಲ ಹಂಚಿದ. ಅವನು ಟೈಲ್ಸ್ ಹಾಕುವವನು. ಈ ಊರಿನ ಎರಡು ಆಸ್ಪತ್ರೆಗಳ ನೆಲ ಅವನ ಮಂಡಿ ಸವೆಸಿದ ನೆಲ. ಆ ನೆಲದ ಮೇಲೆ ಮಗಳು ಡಾಕ್ಟರಾಗಿ ನಡೆದಾಡಬೇಕು ಎಂಬುದು ಅವನ ಒಂದೇ ಆಸೆ. ಸೀಟು ಒಪ್ಪಿಕೊಂಡೆ ಎಂದು ಗುರುವಾರದೊಳಗೆ ಕಂಪ್ಯೂಟರಿನಲ್ಲಿ ತಿಳಿಸಬೇಕಿತ್ತು. ಕುರಿ ಮಾಂಸದ ಸಂಭ್ರಮದಲ್ಲಿ ಹುಡುಗಿ ಇನ್ನೂ ತಿಳಿಸಿಲ್ಲ ಎಂಬುದನ್ನು ಯಾರೂ ಗಮನಿಸಿರಲಿಲ್ಲ.

ವರ್ವಾರಾ ಹೋದ ಮೇಲೆ ಮತೂಲಾಳನ್ನು ಅಡುಗೆಮನೆಗೆ ಕರೆದೆ. ಬೀನ್ಸ್ ಬುಟ್ಟಿಯನ್ನು ಅವಳ ಮುಂದೆ ತಳ್ಳಿ, ನಾರು ತೆಗೆ ಎಂದೆ. ನಾಲ್ಕು ಬೀನ್ಸ್ ಆದ ಮೇಲೆ ಕೇಳಿದೆ.

"ನಾನು ಯಾವಾಗ ಸತ್ತೆ ಮಗಳೇ? ಗೊತ್ತಿದ್ರೆ ಒಳ್ಳೇ ಬಟ್ಟೆ ಹಾಕ್ಕೊಂಡಿರ್ತಿದ್ದೆ."

ಅವಳ ಮುಖ ಕೆಂಪಾಯಿತು, ಆದರೆ ತಲೆ ತಗ್ಗಿಸಲಿಲ್ಲ. ನಡೆದದ್ದನ್ನು ನೇರವಾಗಿಯೇ ಹೇಳಿದಳು. ಸಂದರ್ಶನದಲ್ಲಿ ಎಂಟು ಕೋಣೆಗಳಂತೆ. ಒಂದೊಂದರಲ್ಲಿ ಒಬ್ಬೊಬ್ಬರು, ಒಂದೊಂದು ಪ್ರಶ್ನೆ, ಎಂಟು ನಿಮಿಷಕ್ಕೆ ಗಂಟೆ ಹೊಡೆದರೆ ಎದ್ದು ಮುಂದಿನ ಕೋಣೆಗೆ ಓಡಬೇಕು. ಐದನೆಯ ಕೋಣೆಯಲ್ಲಿ, ಯಾರಿಗಾದರೂ ಕಷ್ಟದ ಸುದ್ದಿ ತಿಳಿಸಬೇಕಾಗಿ ಬಂದಿದ್ದರೆ ಅದನ್ನು ಹೇಳು ಎಂದರಂತೆ. ಇಂಥ ಪ್ರಶ್ನೆ ಬಂದೇ ಬರುತ್ತದೆ ಎಂದು ಮಾಸ್ಟರು ತಿಂಗಳ ಮೊದಲೇ ಉತ್ತರ ಬಾಯಿಪಾಠ ಮಾಡಿಸಿದ್ದ.

"ನಿಜವಾದ ಕಥೆ ಒಂದಿತ್ತು ಯಾಯಾ," ಎಂದಳು. ನಮ್ಮ ಭಾಷೆಯಲ್ಲಿ ಅಜ್ಜಿಯನ್ನು ಕರೆಯುವುದು ಹಾಗೆ. "ಅದನ್ನ ಮಾಸ್ಟರಿಗೆ ಹೇಳಿದ್ದೆ. ಅದು ಬೇಡ, ಅದರಲ್ಲಿ ನೀನು ತಪ್ಪು ಮಾಡಿದೀಯ, ತಪ್ಪು ಮಾಡಿದವರಿಗೆ ಸೀಟು ಕೊಡಲ್ಲ ಅಂದ್ರು. ತಿರುಗಿಸಿ ಬರೆದುಕೊಟ್ರು. ನಾನು ಗಿಳಿ ಥರ ಒಪ್ಪಿಸಿದೆ. ಪ್ರಶ್ನೆ ಕೇಳಿದ ಹೆಂಗಸು ಕಣ್ಣು ಒರೆಸಿಕೊಂಡ್ರು."

ನನ್ನ ಕೈಯಲ್ಲಿದ್ದ ಚಾಕು ನಿಂತಿತು. ನಿಜವಾದ ಕಥೆ ಯಾವುದು ಎಂದು ನಾನು ಕೇಳಲಿಲ್ಲ. ಕೇಳದಿರಲು ಕಾರಣವಿತ್ತು, ಅದನ್ನು ಆಮೇಲೆ ಹೇಳುತ್ತೇನೆ. ಆಗ ಮಾತ್ರ ನಕ್ಕುಬಿಟ್ಟೆ. ನಾನು ಸತ್ತು ನಿನಗೆ ಸೀಟು ಸಿಗುವುದಾದರೆ ಇನ್ನೆರಡು ಸಲ ಸಾಯುತ್ತೇನೆ, ಸುಮ್ಮನೆ ಒಪ್ಪಿಕೊ ಎಂದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಬಟ್ಟೆ ಒಗೆಯುವ ಕೆಲಸ ಮಾಡಿ ಬದುಕಿದವಳು ನಾನು, ಸಣ್ಣ ಸುಳ್ಳಿಗೆಲ್ಲ ಮೂಗು ಮುರಿಯುವಷ್ಟು ಸಿರಿವಂತಳಲ್ಲ.

ಹುಡುಗಿ ಬೀನ್ಸ್ ಬುಟ್ಟಿಯನ್ನು ಹಿಂದಕ್ಕೆ ತಳ್ಳಿದಳು.

"ಒಪ್ಪಿಕೊಳ್ಳಲ್ಲ ಯಾಯಾ. ಇನ್ನೊಂದು ಬಾಗಿಲಿದೆ. ದೂರ ಇದೆ, ಅಷ್ಟೆ."

ಆ ಇನ್ನೊಂದು ಬಾಗಿಲು ಡಿಗ್ರಿ ಮುಗಿಸಿದವರಿಗೆ. ಯಾವುದಾದರೂ ಮೂರು ವರ್ಷದ ಡಿಗ್ರಿ, ಅದರ ಮೇಲೆ ಇಡೀ ದಿನದ ಒಂದು ಪರೀಕ್ಷೆ, ಮತ್ತೆ ಅದೇ ಥರದ ಕೋಣೆಗಳು, ಅದೆಲ್ಲ ದಾಟಿದರೆ ನಾಲ್ಕು ವರ್ಷದ ಮೆಡಿಕಲ್. ದಾಟುವವರು ಕಡಿಮೆ. ಅದೂ ಅಲ್ಲದೆ, ಬೇರೆ ಡಿಗ್ರಿಗೆ ಒಮ್ಮೆ ಕಾಲಿಟ್ಟರೆ ಶಾಲೆಯ ಮಕ್ಕಳ ಬಾಗಿಲು ಹಿಂದಿನಿಂದ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯುವುದಿಲ್ಲ.

ಸಂಜೆ ಲೆಫ್ತೇರಿಸನಿಗೆ ಅವಳೇ ಹೇಳಿದಳು. ನನ್ನ ಸೊಸೆ ತಂಗಿಯ ಬಾಣಂತನಕ್ಕೆಂದು ಮೆಲ್ಬರ್ನಿಗೆ ಹೋಗಿದ್ದಳು, ಇಲ್ಲದಿದ್ದರೆ ನಡುವೆ ನಿಲ್ಲುವವರು ಒಬ್ಬರಾದರೂ ಇರುತ್ತಿದ್ದರು. ಅವನು ಮೊದಲು ನಗಲು ನೋಡಿದ. ಎಲ್ಲರೂ ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳುತ್ತಾರೆ, ನಿಮ್ಮಜ್ಜಿ ಇಗೋ ಕಲ್ಲುಗುಂಡಿನ ಹಾಗೆ ಕೂತಿದ್ದಾಳೆ, ಇದರಲ್ಲಿ ಯಾರಿಗೆ ಏನು ನಷ್ಟ ಎಂದ. ಹುಡುಗಿ ಮಣಿಯದಿದ್ದಾಗ ಸಿಟ್ಟಿಗೆದ್ದ. ಕೈಗೆ ಬಂದ ತುತ್ತನ್ನು ನೆಲಕ್ಕೆ ಚೆಲ್ಲುವವಳು ನೀನೊಬ್ಬಳೇ, ಪರೀಕ್ಷೆಯಲ್ಲಿ ಸೋತು ಮೂವತ್ತರವರೆಗೂ ಬಾಗಿಲು ತಟ್ಟುತ್ತಾ ನಿಂತವರನ್ನು ನಾನು ನೋಡಿದ್ದೇನೆ ಎಂದ. ಅವಳೂ ಬಿಡಲಿಲ್ಲ. ಆರು ವರ್ಷವೂ ಆ ಹೆಂಗಸಿನ ಕಣ್ಣೀರು ನೆನೆಸಿಕೊಂಡು ಓದಲು ನನ್ನಿಂದ ಆಗದು ಎಂದಳು. ಗುರುವಾರ ಬೆಳಗ್ಗೆ ನಾನೇ ಕೂತು ಒಪ್ಪಿಗೆ ಒತ್ತುತ್ತೇನೆ ಎಂದು ಹೇಳಿ ಅವನು ಸ್ನಾನಕ್ಕೆ ಹೋದ.

ನನಗೆ ಕೋಪ ಬಂತು. ಸುಳ್ಳಿನ ಮೇಲಲ್ಲ. ಆಗುವುದಿಲ್ಲ ಎಂದ ಹುಡುಗಿಯ ಪರವಾಗಿ ಅವನು ಒತ್ತುತ್ತೇನೆ ಎಂದನಲ್ಲ, ಅದಕ್ಕೆ. ನಾನು ಹದಿನೆಂಟರಲ್ಲಿ ಈ ದೇಶಕ್ಕೆ ಹಡಗು ಹತ್ತಿದ್ದೂ ನನ್ನಪ್ಪ ಯಾವುದೋ ಕಾಗದಕ್ಕೆ ನನ್ನ ಬದಲು ಹೆಬ್ಬೆಟ್ಟು ಒತ್ತಿದ್ದರಿಂದ.

ಡಬ್ಬದಲ್ಲಿ ಗೋಧಿ ಇತ್ತು. ತೆಗೆದು ನೆನೆಸಿದೆ.

ನಮ್ಮಲ್ಲಿ ಸತ್ತವರ ತಿಥಿಗೆ ಗೋಧಿ ಬೇಯಿಸುತ್ತಾರೆ. ಕೋಲ್ಲಿವಾ ಎನ್ನುತ್ತೇವೆ. ಬೇಯಿಸಿ, ಬಟ್ಟೆಯ ಮೇಲೆ ಹರಡಿ ಆರಿಸಿ, ಒಣದ್ರಾಕ್ಷಿ, ಬಾದಾಮಿ, ದಾಲ್ಚಿನ್ನಿ ಬೆರೆಸಿ ಗುಡ್ಡೆ ಮಾಡಿ, ಮೇಲೆ ಸಕ್ಕರೆ ಪುಡಿಯನ್ನು ಸುಣ್ಣ ಬಳಿದಂತೆ ಒತ್ತಬೇಕು. ಅದರ ಮೇಲೆ ಬೆಳ್ಳಿ ಬಣ್ಣದ ಸಕ್ಕರೆ ಮಣಿಗಳಿಂದ ಶಿಲುಬೆ, ಪಕ್ಕದಲ್ಲಿ ಸತ್ತವರ ಹೆಸರಿನ ಮೊದಲಕ್ಷರ. ಅರವತ್ತು ವರ್ಷದಲ್ಲಿ ಎಷ್ಟು ಜನಕ್ಕೆ ಮಾಡಿದ್ದೇನೋ ಲೆಕ್ಕವಿಲ್ಲ. ಬುಧವಾರ ಬೆಳಗ್ಗೆ ನನ್ನ ಅಕ್ಷರವನ್ನು ನಾನೇ ಜೋಡಿಸಿದೆ.

ಬಿಸಿಲು ನಲವತ್ತು ದಾಟಿದರೆ ಟೈಲ್ಸ್ ಕೆಲಸ ನಿಲ್ಲಿಸುತ್ತಾರೆ. ಹಾಗಾಗಿ ಲೆಫ್ತೇರಿಸ್ ಮಧ್ಯಾಹ್ನದ ಊಟಕ್ಕೇ ಬಂದ. ಮತೂಲಾ ಅವನ ಎದುರಿಗೆ, ಕಣ್ಣು ತಟ್ಟೆಯ ಮೇಲಿಟ್ಟು ಕೂತಿದ್ದಳು. ನಾನು ಕೋಲ್ಲಿವಾ ತಂದು ಮೇಜಿನ ನಡುವೆ ಇಟ್ಟು ಚಮಚ ಅವನ ಕೈಗೆ ಕೊಟ್ಟೆ.

"ತಗೊ, ಒಂದು ಚಮಚ ತಿನ್ನು. ನಿಮ್ಮಮ್ಮನ ಆತ್ಮಕ್ಕೆ ಶಾಂತಿ ಸಿಗಲಿ ಅಂತ ಹೇಳಿ ತಿನ್ನು."

ಅವನು ಅಕ್ಷರ ನೋಡಿದ. ಮುಖದ ಬಣ್ಣ ಇಳಿಯಿತು. ಅಪಶಕುನ ಕಳೆಯಲೆಂದು ಮೂರು ಸಲ ಎದೆಯ ಮೇಲೆ ಥೂ ಥೂ ಎಂದುಕೊಂಡು ತಟ್ಟೆಯನ್ನು ದೂರ ತಳ್ಳಿದ.

"ಇದೇನಮ್ಮ ಹುಚ್ಚು ಇದು? ಮೊದಲು ತೆಗಿ ಇದನ್ನ."

"ಯಾಕೆ? ನಿನ್ನೆ ಯಾರಿಗೇನು ನಷ್ಟ ಅಂದೆ. ಅವಳು ಆ ಕೋಣೆಯಲ್ಲಿ ಇದನ್ನ ಎಂಟು ನಿಮಿಷ ತಿಂದಳಲ್ಲ. ನಿನಗೆ ಒಂದು ಚಮಚ ಇಳಿಯಲ್ವಾ?"

ಅವನು ನಿಟ್ಟುಸಿರು ಬಿಟ್ಟು ಮಗಳ ಕಡೆ ತಿರುಗಿದ. ಅಷ್ಟಕ್ಕೂ ಆ ನಿಜವಾದ ಕಥೆ ಏನು, ಅದನ್ನೇ ಹೇಳಿ ಸಾಯಬಾರದಿತ್ತೇ ಎಂದ. ನಾನು ಒಲೆಯ ಕಡೆ ಮುಖ ಮಾಡಿದೆ. ಈ ಮಾತು ಬರುತ್ತದೆಂದು ನನಗೆ ಗೊತ್ತಿತ್ತು.

"ಅಜ್ಜನ ಕಥೆ ಅಪ್ಪ," ಎಂದಳು ಮತೂಲಾ.

ನನ್ನ ಗಂಡ ಫೋತಿಸ್ ಸತ್ತು ಎಂಟು ವರ್ಷ. ಈಸ್ಟರಿನ ಹಿಂದಿನ ವಾರ. ಆಸ್ಪತ್ರೆಯಲ್ಲಿ ಡಾಕ್ಟರು ಸುದ್ದಿ ಹೇಳಲು ಬಂದದ್ದು ಭಾನುವಾರ, ಭಾಷೆ ತಿರುಗಿಸಿ ಹೇಳುವ ಹೆಂಗಸು ರಜೆಯಲ್ಲಿದ್ದಳು. ಲೆಫ್ತೇರಿಸ್ ಕೆಲಸಕ್ಕೆಂದು ಪೋರ್ಟ್ ಅಗಸ್ಟಾದಲ್ಲಿದ್ದ, ಸೊಸೆ ಕೆಳಗೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದಳು. ಡಾಕ್ಟರು ಅವಸರದಲ್ಲಿದ್ದರು. ಹತ್ತು ವರ್ಷದ ಮತೂಲಾಳನ್ನು ನೋಡಿ, ನಿನಗೆ ಇಂಗ್ಲಿಷ್ ಬರುತ್ತಲ್ಲ, ಹೇಳು ಇವರಿಗೆ ಎಂದರು.

"ವಾರಗಳಲ್ಲ, ದಿನಗಳು ಅಂದ್ರು. ಮಗನನ್ನ ಕರೆಸಿ ಅಂದ್ರು. ಅಜ್ಜ ನನ್ನೇ ನೋಡ್ತಾ ಇದ್ದ. ನಾನು, ಈಸ್ಟರ್‌ಗೆ ಮನೆಗೆ ಬರ್ತೀಯಂತೆ ಅಜ್ಜ ಅಂದೆ. ಅಮ್ಮ ಬಂದಾಗ್ಲೂ ಅದನ್ನೇ ಹೇಳಿದೆ. ಅಮ್ಮ ಫೋನಲ್ಲಿ ನಿನಗೂ ಅದನ್ನೇ ಹೇಳಿದ್ಳು. ನೀನು ಬಂದಿದ್ದು ಬುಧವಾರ. ಅಜ್ಜ ಮಂಗಳವಾರ ಹೋಗಿದ್ದ."

ಆ ಬುಧವಾರ ಲೆಫ್ತೇರಿಸ್ ಸಿಮೆಂಟು ಮೆತ್ತಿದ ಬಟ್ಟೆಯಲ್ಲೇ ಶವಾಗಾರದ ಮುಂದೆ ಕುಸಿದು ಕೂತದ್ದನ್ನು ನಾನು ಕಂಡಿದ್ದೇನೆ. ಡಾಕ್ಟರರನ್ನು ಎಂಟು ವರ್ಷ ಬೈದಿದ್ದಾನೆ. ಈಗ ಬೈಯಬೇಕಾದವಳು ಎದುರಿಗೇ ಕೂತಿದ್ದಾಳೆ, ಅವನ ಕಣ್ಣು ಅವಳ ಮೇಲೇ ಇದೆ.

ಇಷ್ಟು ವರ್ಷ ಸುಮ್ಮನಿದ್ದವಳು ಇನ್ನೂ ಸುಮ್ಮನಿರಬಹುದಿತ್ತು. ಆದರೆ ಹುಡುಗಿ ಈಗಲೂ ತಲೆ ಎತ್ತಿಯೇ ಕೂತಿದ್ದಳು. ನನಗೆ ನಾಚಿಕೆಯಾಯಿತು.

"ಲೆಫ್ತೇರಿ, ಅವಳ ಕಡೆ ನೋಡಬೇಡ. ನನ್ನ ನೋಡು. ಅದೇ ಆಸ್ಪತ್ರೆಯ ಬಟ್ಟೆ ಒಗೆಯೋ ಕಡೆ ನಾನು ಇಪ್ಪತ್ತೆರಡು ವರ್ಷ ದುಡಿದೆ. ವಾರ ಅಂದ್ರೇನು, ದಿನ ಅಂದ್ರೇನು ನನಗೆ ಗೊತ್ತಾಗಲ್ವಾ? ಡಾಕ್ಟರು ಹೇಳಿದ್ದು ಅವಳಿಗಿಂತ ಮೊದಲು ನನಗೆ ಅರ್ಥ ಆಯ್ತು."

ಇಬ್ಬರೂ ನನ್ನನ್ನೇ ನೋಡಿದರು. ನಾನು ನಿಲ್ಲಿಸಲಿಲ್ಲ. ಈಸ್ಟರ್ ಎಂದ ಕೂಡಲೇ ಫೋತಿಸನ ಮುಖ ಅರಳಿತು, ಕುರಿ ಯಾರು ತರುತ್ತಾರೆ ಎಂದು ಕೇಳಿದ. ಅದನ್ನು ಒಡೆಯಲು ನನಗೆ ಮನಸ್ಸು ಬರಲಿಲ್ಲ. ನನಗೂ ಅದೇ ಬೇಕಾಗಿತ್ತು. ಎರಡು ದಿನ ಆ ಸುಳ್ಳಿನಲ್ಲಿ ನಾವಿಬ್ಬರೂ ಸುಖವಾಗಿದ್ದೆವು. ಮಗನಿಗೆ ಒಂದು ಫೋನು ಮಾಡಬಹುದಿತ್ತು, ಮಾಡಲಿಲ್ಲ. ಆಮೇಲೆ ಹೇಳಲು ಬಾಯಿ ಬರಲಿಲ್ಲ. ಎಂಟು ವರ್ಷ ಆ ಭಾರವನ್ನು ಒಂದು ಮಗುವಿನ ತಲೆಯ ಮೇಲೆ ಬಿಟ್ಟು ಟೊಮೆಟೊ ಬೆಳೆದೆ.

ಮತೂಲಾ ಎದ್ದು ಬಂದು ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಬರಲಿಲ್ಲ. ಕೂತಲ್ಲೇ, ಕಡ್ಡಿ ಮುರಿದಂತೆ ಕೇಳಿದಳು.

"ಗೊತ್ತಿದ್ದೂ ನನಗೆ ಒಂದು ಮಾತು ಹೇಳಬಾರದಿತ್ತಾ ಯಾಯಾ?"

"ಹೇಳಬೇಕಿತ್ತು," ಎಂದೆ.

ಆಮೇಲೆ ಲೆಫ್ತೇರಿಸ್ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಟೈಲ್ಸ್ ಜೋಡಿಸುವ ಆ ದಪ್ಪ ಬೆರಳುಗಳಿಂದ ನನ್ನ ಅಕ್ಷರದ ಮಣಿಗಳನ್ನು ಒಂದೊಂದಾಗಿ ಎತ್ತಿ, ಅದೇ ಮಣಿಗಳಿಂದ ಅವನಪ್ಪನ ಅಕ್ಷರ ಜೋಡಿಸಿದ. ಗೆರೆ ಒಂದಿಷ್ಟೂ ಸೊಟ್ಟಗಾಗಲಿಲ್ಲ. ಒಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡು, ತಟ್ಟೆಯನ್ನು ಮಗಳ ಕಡೆ ಸರಿಸಿದ. ಅವಳೂ ತಿಂದಳು, ನಾನೂ ತಿಂದೆ.

ಯಾವ ಡಿಗ್ರಿ ಓದುತ್ತೀಯ ಎಂದು ಅವನು ಕೇಳಿದ್ದು ತುಂಬ ಹೊತ್ತಾದ ಮೇಲೆ. ಭಾಷೆ ಎಂದಳು. ಓದುತ್ತಲೇ ಆಸ್ಪತ್ರೆಯಲ್ಲಿ ಮಾತು ತಿರುಗಿಸುವ ಕೆಲಸಕ್ಕೆ ಸೇರುತ್ತಾಳಂತೆ, ಭಾನುವಾರಗಳಂದೇ. ಅದು ಕೆಲಸಕ್ಕೆ ಬಾರದ ಡಿಗ್ರಿ, ನನ್ನ ಮನಸ್ಸು ಇನ್ನೂ ಒಪ್ಪಿಲ್ಲ ಎಂದ. ಒಪ್ಪಬೇಡ ಎಂದಳು. ಊಟದ ಮೇಜಿನ ಮೇಲೇ ಕಂಪ್ಯೂಟರು ತೆರೆದು, ಸೀಟು ಬೇಡ ಎಂಬಲ್ಲಿ ತಾನೇ ಒತ್ತಿದಳು. ಖಚಿತವೇ ಎಂದು ಅದು ಇನ್ನೊಮ್ಮೆ ಕೇಳಿತಂತೆ. ಇನ್ನೊಮ್ಮೆ ಒತ್ತಿದಳು. ಲೆಫ್ತೇರಿಸ್ ಕಿಟಕಿಯ ಹೊರಗೆ ನೋಡುತ್ತಿದ್ದ, ಆದರೆ ಎದ್ದು ಹೋಗಲಿಲ್ಲ.

ಅವಳು ಡಾಕ್ಟರಾಗಲು ಇನ್ನು ಏಳು ವರ್ಷ. ನನಗೀಗ ಎಪ್ಪತ್ತೆಂಟು. ಇರುತ್ತೇನೆ, ಇರದೆ ಏನು. ತಟ್ಟೆ ತೊಳೆಯುವಾಗ ಮತೂಲಾಳನ್ನು ಪಕ್ಕಕ್ಕೆ ಕರೆದೆ. ಮುಂದೆ ಆ ಇನ್ನೊಂದು ಬಾಗಿಲಲ್ಲಿ ಇದೇ ಪ್ರಶ್ನೆ ಕೇಳಿದರೆ ನನ್ನನ್ನೂ ಬಿಡಬೇಡ, ಅಜ್ಜಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ ಎಂದು ಹೆಸರು ಸಮೇತ ಹೇಳು ಎಂದೆ.

"ಮಾಸ್ಟರು ಅದೂ ಬೇಡ ಅಂತಾರೆ ಯಾಯಾ," ಎಂದಳು. ಆ ದಿನ ಅವಳು ಮೊದಲ ಸಲ ನಕ್ಕದ್ದು ಆಗ.

"ನಿನ್ನ ಮಾಸ್ಟರಿಗೆ ಹೇಳು," ಎಂದೆ, "ಅಜ್ಜಿ ಬದುಕಿದ್ದಾಳೆ ಅಂತ."