ಬಡಿತಕ್ಕೆ ಬರಬೇಡಿ

ರೆಕ್ಕೆ ಕತ್ತರಿಸಿ ಸಮುದ್ರಕ್ಕೆ ಎಸೆದಿದ್ದ ಶಾರ್ಕುಗಳನ್ನು ಕಂಡು ಬಂದ ದಿನ ಶಾರ್ಕಮ್ಮ ಅತಿಥಿಗಳಿಗೆ ಆಮ್ಲೆಟ್ ಹಾಕಲಿಲ್ಲ. ಒದ್ದೆ ಡೈವಿಂಗ್ ಸೂಟಿನಲ್ಲೇ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಉಪ್ಪುನೀರು ತೊಟ್ಟಿಕ್ಕಿ ನೆಲವೆಲ್ಲ ಜಾರುತ್ತಿತ್ತು.

"ಅಕ್ಕಾ, ಎಲ್ಲರೂ ತಟ್ಟೆ ಮುಂದೆ ಕೂತಿದ್ದಾರೆ," ಎಂದಳು ತಂಗಿ. ದೋಣಿ ನಡೆಸುವವಳೂ, ಗೆಸ್ಟ್‌ಹೌಸಿನ ಹಾಸಿಗೆ ಬಟ್ಟೆ ಒಗೆಯುವವಳೂ ಅವಳೇ.

"ಬ್ರೆಡ್ ಇಡು. ಇನ್ನೂ ಬಾಯಿ ಆಡಿಸ್ತಿದ್ವು ಕಣೇ. ಈಜೋಕಾಗಲ್ಲ, ಸಾವೂ ಬಂದಿಲ್ಲ. ದಿಮ್ಮಿಗಳ ಥರ ತಳದಲ್ಲಿ ಬಿದ್ದಿದ್ವು."

"ಯಾರ ಕೆಲಸ?"

"ನನ್ನ ಶಿಷ್ಯನದು. ಇನ್ಯಾರಿಗೆ ಬರುತ್ತೆ ಅವನ್ನ ಕರೆಯೋಕೆ?"

ರಕ್ಷಣೆಯ ಪಂಜರವಿಲ್ಲದೆ ಶಾರ್ಕುಗಳ ನಡುವೆ ಆ ಕಡಲಿಗೆ ಮೊದಲು ಇಳಿದವಳು ಅವಳು. ದೋಣಿಯ ಕಬ್ಬಿಣದ ಏಣಿಯನ್ನು ನೀರೊಳಗೆ ಸರಳಿನಿಂದ ಬಡಿದು, ಬಂದವಕ್ಕೆ ಕೈಯಾರೆ ಮೀನು ಕೊಟ್ಟವಳೂ ಅವಳೇ. ವರ್ಷಗಟ್ಟಲೆ ಹಾಗೆ ಮಾಡಿದ ಮೇಲೆ, ಬಡಿತವೆಂದರೆ ಊಟ ಎಂಬುದು ಅವಕ್ಕೆ ಬಾಯಿಪಾಠವಾಗಿತ್ತು. ಆಮೇಲೆ ಅವುಗಳನ್ನು ಕೊಲ್ಲುವವರ ವಿರುದ್ಧ ನಿಂತಳು. ಕಾಯುವುದರಲ್ಲೂ ಅನ್ನವಿದೆ ಎಂದು ಊರಿಗೆ ತೋರಿಸಲು ಗೆಸ್ಟ್‌ಹೌಸ್ ತೆರೆದಳು. ಏಣಿ ಬಡಿದರೆ ಶಾರ್ಕ್ ಬರುತ್ತಿತ್ತು. ಶಾರ್ಕ್ ಬಂದರೆ ಅತಿಥಿ ಬರುತ್ತಿದ್ದ. ಮನೆ ನಿಂತಿದ್ದೇ ಆ ಸದ್ದಿನ ಮೇಲೆ. ಆದರೆ ಸದ್ದಿಗೆ ಬೀಗ ಹಾಕಲಾಗುವುದಿಲ್ಲ.

ಅತಿಥಿಗಳು ಬ್ರೆಡ್ ಕಡಿಯುತ್ತಿರುವಾಗಲೇ ಶಿಷ್ಯ ಬಂದ. ಈಗ ಅವನು ಶಾರ್ಕಿನ ರೆಕ್ಕೆ ಮಾರಿ ಕೊಂಡ ಸಾಲು ಬೋಟುಗಳ ಯಜಮಾನ. ಮನೆಯವನ ಹಾಗೆ ಕುರ್ಚಿ ಎಳೆದುಕೊಂಡ.

"ಗುರುಗಳೇ, ಬೈಯೋಕೆ ಮುಂಚೆ ಒಂದು ಟೀ ಕೊಡಿ."

"ಕೈಯಿದೆಯಲ್ಲ, ರಕ್ತ ತೊಳ್ಕೊಂಡು ನೀನೇ ಹಾಕ್ಕೋ."

ಅವನು ನಕ್ಕ. "ಆ ನೀರಲ್ಲಿ ಹಿಡೀಬಾರದು ಅಂತ ಕಾನೂನಿಲ್ಲ. ಅಧಿಕಾರಿಗಳ ಹೊಸ್ತಿಲು ಸವೆಸಿದವರು ನೀವು, ನಿಮಗೆ ಗೊತ್ತಿಲ್ವಾ?"

"ಕಾನೂನಿಲ್ಲ ಅಂತ ನಿನ್ನ ಮನೆ ಬೆಕ್ಕಿನ ಕಾಲು ಕತ್ತರಿಸಿ ಬೀದಿಗೆ ಎಸೀತೀಯೇನೋ?"

ಟೇಬಲ್ಲಿನ ಸುತ್ತ ಅಗಿಯುವ ಸದ್ದು ನಿಂತಿತು.

"ನೀವು ಬಡಿದರೆ ಪ್ರೀತಿ, ನಾನು ಬಡಿದರೆ ಪಾಪಾನಾ?" ಎಂದ ಅವನು. "ಕರೆಯೋದು ಕಲಿಸಿದವರು ನೀವು. ಕರೀತೀನಿ, ಬರ್ತಾವೆ. ಅಷ್ಟೇ."

"ಸರಿ. ಕಲಿಸಿದ್ದನ್ನ ಮರೆಸ್ತೀನಿ."

"ಮೀನಿಗೆ?"

"ನಿನಗೆ ಬುದ್ಧಿ ಹೇಳೋದಕ್ಕಿಂತ ಸುಲಭ."

ಅವನು ಹೋದ ಮೇಲೆ ತಂಗಿ ತಡೆಯಲಾರದೆ ಕೇಳಿದಳು: "ಅವು ಬರದೇ ಹೋದ್ರೆ ಬಂದವರಿಗೆ ಏನು ತೋರಿಸ್ತೀಯಾ? ನಿನ್ನ ಮುಖಾನಾ?"

"ಯಾಕೆ, ನನ್ನ ಹಲ್ಲೇನು ಕಮ್ಮಿಯಾ?"

"ತಮಾಷೆ ಬೇಡಕ್ಕಾ. ಮನೆ ಮುಳುಗುತ್ತೆ."

"ಮುಳುಗ್ಲಿ. ಅವುಗಳ ಹೆಣದ ಮೇಲೆ ತೇಲೋ ಮನೆ ನನಗೆ ಬೇಡ. ದೋಣಿ ತೆಗಿ."

ಅಂದಿನಿಂದ ತಂಗಿ ಮೇಲೆ ಏಣಿ ಬಡಿದಳು, ಅಕ್ಕ ಕೆಳಗೆ ಮೊಂಡು ಕೋಲು ಹಿಡಿದು ಕಾದಳು. ಶಾರ್ಕುಗಳು ಬಂದವು, ಊಟಕ್ಕೆ ಕರೆದರೆಂದು ನಂಬಿ. ಬಂದವಕ್ಕೆ ಮೂತಿಯ ಮೇಲೆ ಗುದ್ದು ಬಿತ್ತು. ಮರುದಿನವೂ ಬಡಿತ, ಮರುದಿನವೂ ಗುದ್ದು. ಎಳೆಯವು ಬೇಗ ಕಲಿತವು. ಕಲಿಯದೆ ಉಳಿದದ್ದು ದೊಡ್ಡಮ್ಮ ಒಂದೇ. ಎಲ್ಲಕ್ಕಿಂತ ಮುದಿ ಹೆಣ್ಣು ಶಾರ್ಕು, ಶಾರ್ಕಮ್ಮನ ಕೈಯಿಂದ ಮೊದಲ ಮೀನು ತಿಂದದ್ದು. ಗುದ್ದು ತಿಂದು ಒಂದು ಸುತ್ತು ಹಾಕಿ ಮತ್ತೆ ಅವಳ ಮಂಡಿಯ ಬಳಿಗೇ ಬರುತ್ತಿತ್ತು, ಏನೋ ತಪ್ಪಾಗಿದೆ, ಸರಿಹೋಗುತ್ತದೆ ಎಂಬಂತೆ. ಒಂದು ದಿನ ಶಾರ್ಕಮ್ಮ ಮೈಯಲ್ಲಿದ್ದ ಬಲವನ್ನೆಲ್ಲ ಕೋಲಿಗೆ ತಂದು ಹೊಡೆದಳು. ಉಸಿರಿನ ಕೊಳವೆ ಕಚ್ಚಿಕೊಂಡೇ, ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದಳು. ದೋಣಿಯಲ್ಲಿದ್ದ ತಂಗಿಗೆ ಬರೀ ಗುಳ್ಳೆಗಳು ಕಂಡವು. ದೊಡ್ಡಮ್ಮ ಬಾಲ ಬೀಸಿ ಕಡುನೀಲಿಗೆ ಇಳಿದುಹೋಯಿತು.

ಅತಿಥಿಗಳು ಕಮ್ಮಿಯಾದರು. ಎರಡು ಕೋಣೆಗಳಿಗೆ ಚಿಲಕ ಬಿತ್ತು. ಹಾಗಿರುವಾಗ ಒಂದು ಬೆಳಿಗ್ಗೆ ಶಿಷ್ಯನ ಬೋಟು ಅಕ್ಕತಂಗಿಯರ ದೋಣಿಯ ಪಕ್ಕಕ್ಕೇ ಬಂದು ನಿಂತಿತು. ಆಳುಗಳು ಕೊಕ್ಕೆ ಹಿಡಿದು ಅಂಚಿಗೆ ಬಾಗಿದರು. ಅವನು ಸರಳಿನಿಂದ ಬೋಟಿನ ಏಣಿ ಬಡಿಯತೊಡಗಿದ.

"ದೊಡ್ಡಮ್ಮ ಬಂದುಬಿಟ್ರೆ?" ತಂಗಿ ಪಿಸುಗುಟ್ಟಿದಳು. ಶಾರ್ಕಮ್ಮ ನೀರನ್ನೇ ನೋಡುತ್ತಿದ್ದಳು.

ಅವನು ಇನ್ನೊಮ್ಮೆ ಬಡಿದ, ಮತ್ತೊಮ್ಮೆ ಬಡಿದ. ಆಳುಗಳು ಸೊಂಟ ನೆಟ್ಟಗೆ ಮಾಡಿಕೊಂಡರು. ನೀರಿನ ಮೇಲೆ ಒಂದು ರೆಕ್ಕೆಯೂ ಏಳಲಿಲ್ಲ.

"ಏನ್ ಮಾಡಿಟ್ರಿ ಗುರುಗಳೇ!" ಅವನು ಕೂಗಿದ. "ನಿಮ್ಮ ಹೊಟ್ಟೆ ಮೇಲೆ ನೀವೇ ಹೊಡ್ಕೊಂಡ್ರಲ್ಲ!"

"ನನ್ನ ಹೊಟ್ಟೆ ಚಿಂತೆ ನನಗಿರ್ಲಿ. ನೀನ್ಯಾಕೆ ನಿಲ್ಲಿಸಿದೆ? ಬಡಿಯೋ! ನೀನು ಬಡಿದಷ್ಟೂ ಅವು ದೂರ ಹೋಗ್ತಾವೆ."

ಅವನ ಕೈಯ ಸರಳು ಎತ್ತಿದಲ್ಲೇ ನಿಂತಿತು.

ಶಾರ್ಕಮ್ಮ ಸಿಲಿಂಡರ್ ಬೆನ್ನಿಗೇರಿಸಿ ಕೋಲು ಕೈಗೆ ತೆಗೆದುಕೊಂಡಳು.

"ಪಾಪ, ಕೈ ಸೋತಿರಬೇಕು," ಎಂದಳು ತಂಗಿಗೆ. "ನೀನು ಬಡಿ."

ಮತ್ತೆ ನೀರಿಗಿಳಿದಳು.